ಹೊಟ್ಟೆಯ ತೊಂದರೆಗೆ ಕೆಂಪು ಪಟ್ಟಿ ಕೊಂಡುಕೊಳ್ಳುವ ಮುನ್ನ

ಹೊಟ್ಟೆಯ ವಿಚಾರವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೂ ಸಂಕೋಚವೇ. ಆದರೆ ನಮ್ಮ ಬೀದಿಯ ಇನ್ನೊಬ್ಬರು ಕಳೆದ ವಾರ, ನಾನು ಹಿಂದೆ ಮಾಡಿಸಿಕೊಂಡು ಪೇಚಿಗೆ ಸಿಕ್ಕಿದ, ಆಗದ ಆಹಾರಗಳನ್ನು ಕೆಂಪಿನಲ್ಲಿ ಪಟ್ಟಿ ಮಾಡಿಕೊಡುವ ಅದೇ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾರೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಎರಡು ವರ್ಷಗಳ ಹಿಂದೆ ಒಂದು ಮದುವೆಯೂಟದ ನಂತರ ಭೇದಿ ಹಿಡಿದು ನಾಲ್ಕು ದಿನ ಮಲಗಿದ್ದೆ. ಭೇದಿ ನಿಂತಿತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಮಧ್ಯಾಹ್ನ ಉಂಡು ಅರ್ಧ ಗಂಟೆಗೆಲ್ಲ ಸೀರೆಯ ನೆರಿಗೆ ಬಿಗಿಯಾಗುವಷ್ಟು ಉಬ್ಬರ. ಒಂದು ದಿನ ಮಲಬದ್ಧತೆ, ಮರುದಿನ ಬಸ್ ಹತ್ತಲು ಭಯ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, ‘ಗ್ಯಾಸ್ಟ್ರಿಕ್’. ಅಂಗಡಿಯ ಮಾತ್ರೆ, ಜೀರಿಗೆ ಕಷಾಯ, ಓಮದ ನೀರು ಎಲ್ಲವೂ ಆದವು. ಆಗ ಮೊಬೈಲಿನಲ್ಲಿ ‘ಕರುಳಿನ ಆರೋಗ್ಯ ತಜ್ಞೆ’ಯೊಬ್ಬರು ಕಣ್ಣಿಗೆ ಬಿದ್ದರು. ಮಾತು ಬೆಣ್ಣೆಯಂತಿತ್ತು. ಕಚೇರಿಯ ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಅವರು ಊಟವನ್ನು ಬಲ್ಲದ್ದು ಆರು ವಾರಗಳ ಆನ್‌ಲೈನ್ ಕೋರ್ಸಿನಿಂದ ಎಂಬುದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು.

ಅಲ್ಲಿ ಮೊದಲು ಕೇಳಿದ್ದು ರಕ್ತ, ಆಮೇಲೆ ಹಣ. ನಾನು ಏನು ತಿನ್ನುತ್ತೇನೆ ಎಂದು ಯಾರೂ ಕೇಳಲಿಲ್ಲ. ‘ಆಹಾರ ಅಸಹಿಷ್ಣುತೆ’ ಪರೀಕ್ಷೆಗೆ 14,500 ರೂಪಾಯಿ, ಮೂರು ತಿಂಗಳ ಮಾರ್ಗದರ್ಶನಕ್ಕೆ 18,000. ಬಣ್ಣ ಬಣ್ಣದ ವರದಿ ಬಂತು. ಹಾಲು, ಮೊಸರು, ಗೋಧಿ, ತೊಗರಿಬೇಳೆ, ತೆಂಗಿನಕಾಯಿ, ಕಡಲೆಕಾಯಿ ಸೇರಿ ಮೂವತ್ತೊಂದು ಪದಾರ್ಥಗಳು ಕೆಂಪಿನಲ್ಲಿದ್ದವು. ಎಲ್ಲವನ್ನೂ ಬಿಡಬೇಕು. ಎಷ್ಟು ದಿನ ಎಂದರೆ, ‘ಕರುಳು ಒಪ್ಪುವವರೆಗೆ’. ಜೊತೆಗೆ ರಾತ್ರಿ ಕುಡಿಯಲು ‘ಶುದ್ಧಿ ಚಹಾ’.

ಮೊದಲ ಮೂರು ವಾರ ಹಗುರವೆನಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಬಲೆ ಇರುವುದು ಅಲ್ಲಿಯೇ. ಅಷ್ಟೆಲ್ಲ ಬಿಟ್ಟರೆ ಉಬ್ಬಲು ಹೊಟ್ಟೆಯಲ್ಲಿ ಏನಿರುತ್ತದೆ? ಆಮೇಲೆ ಮತ್ತೆ ಉಬ್ಬರ ಬಂದಾಗ ಇನ್ನೂ ನಾಲ್ಕು ಪದಾರ್ಥಗಳು ಪಟ್ಟಿ ಸೇರಿದವು. ಮನೆಯಲ್ಲಿ ನನಗೊಂದು ಅಡುಗೆ, ಉಳಿದವರಿಗೊಂದು. ಅಣ್ಣನ ಮಗನ ನಾಮಕರಣದಲ್ಲಿ ಡಬ್ಬಿಯಲ್ಲಿ ತಂದ ಗಂಜಿ ಕುಡಿದೆ. ಐದು ತಿಂಗಳಲ್ಲಿ 56 ಕಿಲೋದಿಂದ 48ಕ್ಕೆ ಇಳಿದೆ. ‘ವಿಷ ಹೊರಗೆ ಹೋಗುತ್ತಿದೆ’ ಎಂದು ಆಕೆ ಅಭಿನಂದಿಸಿದರು. ಒಂದು ಬೆಳಗ್ಗೆ ಹಾಲಿನ ಬೂತಿನ ಸಾಲಿನಲ್ಲಿ ತಲೆಸುತ್ತಿ ಬಿದ್ದೆ.

ಜೀರ್ಣಾಂಗ ತಜ್ಞರು ನನ್ನ ತೂಕ ಕೇಳಿ ಗಂಭೀರವಾದರು. ಕಾರಣವಿಲ್ಲದ ತೂಕ ಇಳಿಕೆ, ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಹೊಟ್ಟೆಯ ಕಾಯಿಲೆಗಳಲ್ಲಿ ಅಪಾಯದ ಗಂಟೆಗಳಂತೆ. ಇವುಗಳಲ್ಲಿ ಎರಡು ನನ್ನಲ್ಲಿ ಮೊಳಗುತ್ತಿದ್ದವು. ಅವನ್ನು ಬಾರಿಸಿದ್ದು ಕಾಯಿಲೆಯೋ ಪಥ್ಯವೋ ಹೇಳಲಾಗದು. ಹಾಗಾಗಿ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಲೇಬೇಕಾಯಿತು. ಅಲ್ಲಿ ಏನೂ ಇರಲಿಲ್ಲ. ಕಬ್ಬಿಣಾಂಶ ಮತ್ತು ಬಿ12 ಪಾತಾಳದಲ್ಲಿದ್ದವು. ಮೊದಲೇ ಸಸ್ಯಾಹಾರಿ, ಬಿ12ಕ್ಕಿದ್ದ ಆಸರೆ ಹಾಲು ಮೊಸರು, ಅದನ್ನೂ ನಾನೇ ಕಿತ್ತುಕೊಂಡಿದ್ದೆ. ಪೊಟ್ಯಾಸಿಯಂ ಏಕೆ ಕಡಿಮೆ ಎಂಬುದಕ್ಕೆ ಉತ್ತರ ಚಹಾದ ಪೊಟ್ಟಣದ ಹಿಂಬದಿಯಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿತ್ತು: ಸೋನಾಮುಖಿ. ನಮ್ಮಜ್ಜಿ ಭೇದಿ ಮಾಡಿಸಲು ಕೊಡುತ್ತಿದ್ದ ಅದೇ ಎಲೆ. ಶುದ್ಧಿಯೆಂದು ನಾನು ಪ್ರತಿ ರಾತ್ರಿ ಭೇದಿ ಮಾಡಿಸುವ ಮದ್ದು ಕುಡಿದು ಪೊಟ್ಯಾಸಿಯಂ ಕಳೆದುಕೊಳ್ಳುತ್ತಿದ್ದೆ.

ವೈದ್ಯರು ಅದೇ ಆಸ್ಪತ್ರೆಯ ಪಥ್ಯಾಹಾರ ತಜ್ಞೆ, ಅಂದರೆ ಡಯೆಟಿಷಿಯನ್ ಬಳಿಗೆ ಕಳುಹಿಸಿದರು. ಆಕೆ ಬಣ್ಣದ ವರದಿಯನ್ನು ನೋಡಿ ಪಕ್ಕಕ್ಕಿಟ್ಟರು. ಅದು ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು; ಒಂದು ಆಹಾರವನ್ನು ತಿಂದು ದೇಹಕ್ಕೆ ರೂಢಿಯಾಗಿದೆ ಎಂಬುದರ ಗುರುತು ಅದು, ಆಗುವುದಿಲ್ಲ ಎಂಬುದರ ಗುರುತಲ್ಲ. ಇಂಥ ಪರೀಕ್ಷೆಯನ್ನು ನಂಬಿ ಪಥ್ಯ ಹೇಳಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರು 2008ರಲ್ಲಿ, ಕೆನಡಾದವರು 2012ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅಂದರೆ ನಾನು ದಿನವೂ ಏನು ತಿನ್ನುತ್ತೇನೆ ಎಂಬ ಪಟ್ಟಿಯನ್ನು ನಾನೇ 14,500 ರೂಪಾಯಿ ಕೊಟ್ಟು ಕೊಂಡಿದ್ದೆ! ನಮ್ಮ ಅಮ್ಮನನ್ನು ಕೇಳಿದ್ದರೆ ಪುಕ್ಕಟೆಯಾಗಿ ಹೇಳುತ್ತಿದ್ದರು.

ಇನ್ನೊಂದು ಪೆಟ್ಟು ಬಾಕಿಯಿತ್ತು. ಗೋಧಿಯಿಂದ ಕರುಳು ಸವೆಯುವ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ನೋಡಬೇಕಾದರೆ ಗೋಧಿ ತಿನ್ನುತ್ತಿರಬೇಕು. ಬಿಟ್ಟವರ ರಕ್ತದಲ್ಲಿ ಕಾಯಿಲೆ ಅಡಗಿಕೊಳ್ಳಬಹುದು. ಪರೀಕ್ಷೆಗಾಗಿ ಆರು ವಾರ ಮತ್ತೆ ಚಪಾತಿ ತಿಂದೆ. ಕಾಯಿಲೆ ಇರಲಿಲ್ಲ. ಈ ನಡುವೆ ಡಯೆಟಿಷಿಯನ್ ನನ್ನ ಅಡುಗೆಮನೆಯ ಡಬ್ಬಿಗಳ ಫೋಟೋ ತರಿಸಿಕೊಂಡು ತೋರಿಸಿದರು: ನಾನು ಗೋಧಿ ಬಿಟ್ಟಿದ್ದಷ್ಟು ದಿನವೂ ಸಾರಿಗೆ ಹಾಕಿದ್ದ ಪುಡಿ ಇಂಗಿನಲ್ಲಿ ಮೈದಾ ಬೆರೆತಿತ್ತು.

ನನಗಿದ್ದದ್ದು ಐಬಿಎಸ್, ಕರುಳು ಅತಿ ಸೂಕ್ಷ್ಮವಾಗುವ ತೊಂದರೆ. ಹೊಟ್ಟೆಯ ಸೋಂಕಿನ ನಂತರ ಇದು ಉಳಿದುಕೊಳ್ಳುವುದುಂಟು. ಆಕೆ ಎರಡು ವಾರ ದಿನಚರಿ ಬರೆಸಿದರು: ಏನು, ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ಲೋಟ ಕಾಫಿ. ಆಮೇಲೆ ಫಾಡ್‌ಮ್ಯಾಪ್ ಕ್ರಮ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗೆದ್ದು ಗಾಳಿಯಾಗುವ ಸಕ್ಕರೆಗಳ ಲೆಕ್ಕ ಅದು, ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಇಲ್ಲಿಯೂ ಬಿಡುವುದಿದೆ. ಆದರೆ ಎರಡರಿಂದ ಆರು ವಾರ ಮಾತ್ರ, ಮತ್ತೆ ಸೇರಿಸುವ ದಿನಾಂಕವನ್ನು ಮೊದಲ ದಿನವೇ ಬರೆದುಕೊಟ್ಟರು. ಆ ಪಟ್ಟಿಗೂ ಈ ಪಟ್ಟಿಗೂ ಇರುವ ವ್ಯತ್ಯಾಸ ನನಗೆ ಕಂಡದ್ದು ಆ ದಿನಾಂಕದಲ್ಲಿ. ಬೆಳ್ಳುಳ್ಳಿ ಇಲ್ಲದ ಒಗ್ಗರಣೆಗೆ ನಾನು ಮುಖ ಸಣ್ಣದು ಮಾಡಿದಾಗ, ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಡಿ, ಪರಿಮಳ ಎಣ್ಣೆಗೆ ಇಳಿಯುತ್ತದೆ, ಉಬ್ಬರಿಸುವ ಅಂಶ ನೀರಿಗೆ ಇಳಿಯುವಂಥದ್ದು, ಎಣ್ಣೆಗಲ್ಲ ಎಂದರು. ಇಂಥ ಮಾತು ಯಾವ ಬಣ್ಣದ ವರದಿಯಲ್ಲಿದೆ?

ಒಂದೊಂದೇ ಪದಾರ್ಥವನ್ನು ಮೂರು ದಿನ, ಅಳತೆ ಏರಿಸುತ್ತಾ ತಿಂದು ನೋಡಿದೆ. ಸಿಕ್ಕಿಬಿದ್ದದ್ದು ಈರುಳ್ಳಿ, ಕಡಲೆಕಾಳು ಮತ್ತು ದೊಡ್ಡ ಲೋಟದ ಹಾಲು. ಮೊಸರು, ತೆಂಗಿನಕಾಯಿ, ಸಾರಿನ ತೊಗರಿಬೇಳೆ ನಿರಪರಾಧಿಗಳಾಗಿ ಮನೆಗೆ ಮರಳಿದವು. ತೂಕ ಈಗ 54. ಹೊಟ್ಟೆ ಪೂರ್ತಿ ಸರಿಯಾಗಿದೆ ಎಂದರೆ ಸುಳ್ಳಾಗುತ್ತದೆ. ಕೆಟ್ಟ ದಿನ ಬಂದರೆ ಏಕೆ ಬಂತೆಂದು ತಿಳಿಯುತ್ತದೆ.

ಯಾರ ಬಳಿಗಾದರೂ ಹೋಗುವ ಮೊದಲು ಓದಿದ್ದೇನು ಎಂದು ಕೇಳಿ. ‘ನ್ಯೂಟ್ರಿಷನಿಸ್ಟ್’ ಎಂದು ಫಲಕ ಹಾಕಿಕೊಂಡವರೆಲ್ಲ ಅದನ್ನು ಓದಿದವರಲ್ಲ. ‘ರಿಜಿಸ್ಟರ್ಡ್ ಡಯೆಟಿಷಿಯನ್’ ಎನ್ನುವುದಕ್ಕೆ ಪದವಿ, ತರಬೇತಿ ಮತ್ತು ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ನಿನ ಪರೀಕ್ಷೆ ಬೇಕು. ಅವರೇ ಪುಡಿ, ಚಹಾ ಮಾರುತ್ತಿದ್ದರೆ ಎದ್ದು ಬನ್ನಿ.

ನಮ್ಮ ಬೀದಿಯವರ ವರದಿ ಗುರುವಾರ ಬರುತ್ತದಂತೆ. ಅವರ ಮನೆಯಲ್ಲಿ ದಿನವೂ ತಿನ್ನುವುದು ಹುರುಳಿಕಾಳು, ಕಾಯಿ, ಮಜ್ಜಿಗೆ. ಮೂರೂ ಕೆಂಪಿನಲ್ಲಿರುತ್ತವೆ ಎಂದು ಚೀಟಿಯಲ್ಲಿ ಬರೆದು ಈಗಲೇ ಅವರ ಕೈಗೆ ಕೊಟ್ಟು ಬಂದಿದ್ದೇನೆ.