ಬೇರಿನೊಳಗಿನ ಸುಣ್ಣಕ್ಕೆ ಅರಿಶಿನದ ಪರೀಕ್ಷೆ

ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನೇ ರೂಟ್ ಕೆನಾಲ್ ಮಾಡುವಾಗ ಹಲ್ಲಿನ ಬೇರೊಳಗೂ ಇಡುತ್ತೇವೆ. ಚಿಕ್ಕಮಗಳೂರಿನ ನಮ್ಮ ಕ್ಲಿನಿಕ್‌ನಲ್ಲಿ ಇದನ್ನು ಹೇಳಿದಾಗ ಒಬ್ಬರು ಅಜ್ಜಿ, "ಹಂಗಾದ್ರೆ ಐವತ್ತು ವರ್ಷದಿಂದ ನಾನೇ ಹಾಕ್ಕೊಂಡಿದ್ದೀನಲ್ಲ ಡಾಕ್ಟ್ರೇ" ಅಂದರು. ವಸ್ತು ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮದು ಶುದ್ಧ ಪುಡಿ, ಅಷ್ಟೇ. 1920ರಲ್ಲಿ ಹರ್ಮನ್ ಎಂಬುವರು ಹಲ್ಲಿನ ಚಿಕಿತ್ಸೆಗೆ ತಂದ ಈ ಮದ್ದು ಇನ್ನೂ ಹಳತಾಗಿಲ್ಲ.

ಇದರ ಪಿಎಚ್ ಸುಮಾರು 12.5. ಆ ಕ್ಷಾರಕ್ಕೆ ಹೆಚ್ಚಿನ ಕೀಟಾಣುಗಳು ಉಳಿಯುವುದಿಲ್ಲ. ಆದರೆ ಅವು ಬೇರಿನ ನಡುವಿನ ನಾಳದಲ್ಲಷ್ಟೇ ಇರುವುದಿಲ್ಲ, ಹಲ್ಲಿನ ಗೋಡೆಯ ಸಣ್ಣ ಕೊಳವೆಗಳಲ್ಲೂ ಅಡಗಿರುತ್ತವೆ. ಆ ಕೊಳವೆಗಳ ಅಗಲ ನಾಳದ ಕಡೆ ಎರಡೂವರೆ ಮೈಕ್ರಾನ್, ಹೊರಗೆ ಹೋದಂತೆ ಇನ್ನೂ ಕಡಿಮೆ. ಮದ್ದು ಅದರೊಳಗೆ ನುಗ್ಗಬೇಕು. ಸಲೈನ್‌ನಲ್ಲಿ ಕಲಸಿದ್ದು, ಗ್ಲಿಸರಿನ್‌ನಲ್ಲಿ ಕಲಸಿದ್ದು, ಟ್ಯೂಬಲ್ಲಿ ಬರುವ ಎಣ್ಣೆಯ ಪೇಸ್ಟ್, ಮೂರನ್ನೂ ಬಳಸಿದ್ದೇನೆ. ಯಾವುದು ಎಲ್ಲಿವರೆಗೆ ಹೋಗುತ್ತೆ ಅಂತ ಕಣ್ಣಾರೆ ನೋಡಿರಲಿಲ್ಲ.

ಆರತಿಗೆ ಓಕುಳಿ ಕದಡುವಾಗ ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತಲ್ಲ, ಅದೇ ಉಪಾಯ. ಕಾಫಿ ಫಿಲ್ಟರ್ ಕಾಗದವನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದೆ. ಕಂಬಿ ಹಾಕಲು ಕಿತ್ತ ಒಂಬತ್ತು ಒಳ್ಳೆಯ ಹಲ್ಲು ಇದ್ದವು. ನಾಳ ಕೊರೆದು, ಮದ್ದು ತುಂಬಿ, ಮೇಲೆ ಸಿಮೆಂಟ್, ಬೇರಿನ ತುದಿಗೆ ಎರಡು ಸಲ ನೇಲ್ ಪಾಲಿಶ್. ಒದ್ದೆ ಹತ್ತಿಯ ಮೇಲೆ ಡಬ್ಬಿಯಲ್ಲಿಟ್ಟೆ. ಕೆಲವನ್ನು ಏಳನೇ ದಿನ, ಉಳಿದದ್ದನ್ನು ಇಪ್ಪತ್ತೊಂದನೇ ದಿನ ಅಡ್ಡಕ್ಕೆ ಕುಯ್ದು ಒದ್ದೆ ಕಾಗದ ಒತ್ತುವುದು. ಮೊದಲನೆಯದನ್ನು ಪೇಸ್ಟ್ ತೆಗೆಯದೆ ಕುಯ್ದೆ. ಇಡೀ ಮುಖಕ್ಕೆ ಸುಣ್ಣ ಬಳಿದು ಕಾಗದವೆಲ್ಲ ಕೆಂಪು. ಹಲ್ಲು ದಂಡ. ಆಮೇಲೆ ನಾಳ ಖಾಲಿ ಮಾಡಿ, ಒರೆಸಿಯೇ ಕುಯ್ದೆ.

ಏಳನೇ ದಿನ ಸಲೈನ್ ಮುಂದಿತ್ತು. ನಾಳದ ಸುತ್ತ ಕುಂಕುಮದ ಬೊಟ್ಟಿನಂತೆ ಗಾಢ ಕೆಂಪು, ಅಂಚಿಗೆ ಹೋದಂತೆ ಕಿತ್ತಳೆ. ಹಲ್ಲಿನ ಗಟ್ಟಿ ಭಾಗವೇ ಕ್ಷಾರವನ್ನು ಹೀರಿ ತಣ್ಣಗೆ ಮಾಡುತ್ತೆ, ಹಾಗಾಗಿ ಹೊರಗೆ ತಲುಪುವಷ್ಟರಲ್ಲಿ ಜೋರು ಇರುವುದಿಲ್ಲ. ಗ್ಲಿಸರಿನ್‌ದು ಅದರ ಅರ್ಧದಷ್ಟೇ. ಎಣ್ಣೆಯದು ಬರೀ ಗೆರೆ. ಇಪ್ಪತ್ತೊಂದನೇ ದಿನ ಸಲೈನ್, ಗ್ಲಿಸರಿನ್ ಹೆಚ್ಚುಕಡಿಮೆ ಸಮ. ಆದರೆ ಸಲೈನಿನ ಪೇಸ್ಟ್ ಒಣಗಿ ಗೋಡೆಯ ಸುಣ್ಣದಂತೆ ಉದುರಿತು, ಗ್ಲಿಸರಿನ್‌ದು ಇನ್ನೂ ಹಸಿ. ಎಣ್ಣೆ ಅಲ್ಲೇ ಇತ್ತು.

ನಿಜವಾಗಿ ಬೆಚ್ಚಿಸಿದ್ದು ಬೇರೆಯದೇ. ಎರಡು ಹಲ್ಲನ್ನು ಬೇಕಂತಲೇ ಇಡಿಟಿಎ ದ್ರಾವಣದಲ್ಲಿ ತೊಳೆದಿರಲಿಲ್ಲ. ನಾಳ ಕೊರೆಯುವ ಫೈಲ್ ಉಜ್ಜಿದ ಪುಡಿ ಕೊಳವೆಗಳ ಬಾಯಿಗೆ ಮೆತ್ತಿಕೊಂಡಿರುತ್ತೆ, ಅದನ್ನು ತೆಗೆಯುವುದೇ ಇಡಿಟಿಎ. ಅವೆರಡರಲ್ಲೂ ಒಳ್ಳೆ ಸಲೈನ್ ಪೇಸ್ಟೇ ಇತ್ತು. ಕೆಂಪು ಮಾತ್ರ ಸಾಸಿವೆಕಾಳಿನಷ್ಟು. ಇಪ್ಪತ್ತೊಂದು ದಿನವಾದರೂ ಅಷ್ಟೇ! ಯಾವುದರಲ್ಲಿ ಕಲಸಬೇಕು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಒಂದು ನಿಮಿಷ ತೊಳೆಯಬೇಕಿತ್ತು ಅನ್ನಿಸಿತು. ಅರಿಶಿನ ಕ್ಷಾರ ಇದೆಯೋ ಇಲ್ಲವೋ ಅಂತಷ್ಟೇ ಹೇಳುತ್ತೆ, ಎಷ್ಟಿದೆ ಅಂತ ಹೇಳುವುದಿಲ್ಲ. ಆದರೆ ಈ ವ್ಯತ್ಯಾಸಕ್ಕೆ ಅಳತೆಯೇ ಬೇಕಾಗಿರಲಿಲ್ಲ.

ಮೂರು ಆಂಟಿಬಯಾಟಿಕ್ ಸೇರಿಸಿದ ಪೇಸ್ಟ್‌ನಲ್ಲಿ ಸುಣ್ಣವಿಲ್ಲ, ಅದು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಅದರಲ್ಲಿನ ಮಿನೋಸೈಕ್ಲಿನ್ ಹಲ್ಲನ್ನು ಬೂದಿ ಬಣ್ಣ ಮಾಡುತ್ತೆ, ಹಾಗಾಗಿ ನಕ್ಕರೆ ಕಾಣುವ ಮುಂಭಾಗದ ಹಲ್ಲಿಗೆ ನಾನು ಅದನ್ನು ಹಾಕುವುದಿಲ್ಲ. ಸುಣ್ಣಕ್ಕೂ ಬಗ್ಗದ ಎಂಟರೋಕಾಕಸ್ ಎಂಬ ಕೀಟಾಣು ಇದೆ ಅನ್ನಿಸಿದರೆ ಕೀಟಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಜೆಲ್ ಇಡುತ್ತೇನೆ. ಅದಕ್ಕೆ ಮುಂಚೆ, ನಾಳ ತೊಳೆಯಲು ಬಳಸಿದ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಪೂರ್ತಿ ಹೋಗುವಂತೆ ತೊಳೆದಿರಬೇಕು, ಇಲ್ಲದಿದ್ದರೆ ನಾಳವೆಲ್ಲ ಕಂದು.

ಈಗ ಊರಲ್ಲೇ ಇರುವವರಿಗೆ ಸಲೈನ್, ವಾರಕ್ಕೆ ಬದಲಾಯಿಸುತ್ತೇನೆ. ಆಲ್ದೂರು, ಬಾಳೆಹೊನ್ನೂರು ಕಡೆಯವರಿಗೆ ಗ್ಲಿಸರಿನ್. ಕಾಫಿ ಹಣ್ಣು ಬಿಡಿಸುವ ತಿಂಗಳಲ್ಲಿ ಅವರು "ಮುಂದಿನ ವಾರ ಬರ್ತೀನಿ ಸಾರ್" ಅನ್ನುತ್ತಾರೆ. ನಾನೂ ಹೂಂ ಅನ್ನುತ್ತಾ ಗ್ಲಿಸರಿನ್ ಬಾಟ್ಲಿ ತೆಗೆಯುತ್ತೇನೆ.