ಕೀಪ್ಯಾಡ್ ಫೋನಿಗೆ ಯಾವುದು ಹಿತ? *99#, 123ಪೇ, ಆಧಾರ್ ಹೆಬ್ಬೆಟ್ಟು

ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿರುವ ಅವ್ವನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗುತ್ತದೆ. ಅವಳ ಕೈಯಲ್ಲಿರುವುದು ಕೀಪ್ಯಾಡ್ ಫೋನು. ಅಂಕಿಗಳನ್ನು ಬಲ್ಲ, ಅಕ್ಷರ ಓದಲು ತಡವರಿಸುವ ಅವಳು ಯಾರ ನೆರವಿಲ್ಲದೆ ಈ ಹಣವನ್ನು ಬಳಸಬಲ್ಲಳೇ ಎಂಬುದಷ್ಟನ್ನೇ ಅಳತೆಯಾಗಿಟ್ಟುಕೊಂಡು ಮೂರು ವಿಧಾನಗಳನ್ನು ಅವಳೊಂದಿಗೆ ಕುಳಿತು ಬಳಸಿ ನೋಡಿದೆ.

ಜನಧನ ಯೋಜನೆ ಆರಂಭವಾದ 2014ರ ಆಗಸ್ಟ್ 28ರಂದೇ ರಾಷ್ಟ್ರಕ್ಕೆ ಸಮರ್ಪಿತವಾದ, ಫೋನಿನಲ್ಲಿ ಈ ಸಂಕೇತ ಒತ್ತಿ ಬ್ಯಾಂಕ್ ವ್ಯವಹಾರ ನಡೆಸುವ *99# ಸೇವೆಗೆ ಇಂಟರ್ನೆಟ್ ಬೇಡ, 2022ರಿಂದ ಶುಲ್ಕವೂ ಇಲ್ಲ. ಆದರೆ ಪರದೆಯ ಮೇಲಿನ ಪಟ್ಟಿಯನ್ನು ಓದಿ ಬೇಗನೆ ಉತ್ತರಿಸಬೇಕು. ತಡವಾದರೆ ಸಂಪರ್ಕ ಕಡಿದು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಖಾತೆಯಲ್ಲಿ ಉಳಿದಿರುವ ಹಣ ನೋಡುವುದಕ್ಕಷ್ಟೇ ಅದು ಅವ್ವನಿಗೆ ಒಗ್ಗಿತು.

2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕು ಬಿಡುಗಡೆ ಮಾಡಿದ, ಕೀಪ್ಯಾಡ್ ಫೋನಿನಿಂದಲೇ ಹಣ ಕಳುಹಿಸುವ ಯುಪಿಐ 123ಪೇಯ ನಾಲ್ಕು ಬಗೆಗಳಲ್ಲಿ ನಾವು ಆರಿಸಿಕೊಂಡದ್ದು ಕರೆ ಮಾಡಿ ಧ್ವನಿ ಸೂಚನೆಯಂತೆ ಅಂಕಿ ಒತ್ತುವ ಬಗೆಯನ್ನು. ಓದುವ ಗೋಜಿಲ್ಲದ ಕಾರಣ ಅವ್ವನಿಗೆ ಇದೇ ಸಲೀಸಾಯಿತು. ಅಂಗಡಿಯವನ ಕ್ಯೂಆರ್ ಹಾಳೆ ಅವಳ ಫೋನಿಗೆ ನಿಷ್ಪ್ರಯೋಜಕವಾದ್ದರಿಂದ ಅವನ ಮೊಬೈಲ್ ಸಂಖ್ಯೆಯನ್ನು ಕೇಳಿ ಒತ್ತಬೇಕು; ಅದು ದೊಡ್ಡ ತೊಡಕಲ್ಲ. ನನ್ನನ್ನು ಕಾಡಿದ್ದು ಬೇರೆಯೇ. ಫೋನಿನಲ್ಲಿ ಯಾರಿಗೂ ಪಿನ್ ಕೊಡಬೇಡ ಎಂದು ವರ್ಷಗಟ್ಟಲೆ ಹೇಳಿದವರೇ ಈಗ ಕರೆಯ ನಡುವೆ ಪಿನ್ ಒತ್ತು ಎಂದರೆ ಅವಳು ಗೊಂದಲಕ್ಕೊಳಗಾಗುವುದು ಸಹಜ. ತಾನೇ ಆ ಸಂಖ್ಯೆಗೆ ಕರೆ ಮಾಡಿದಾಗ ಮಾತ್ರ ಒತ್ತಬೇಕು, ಬಂದ ಕರೆಗೆ ಎಂದಿಗೂ ಒತ್ತಬಾರದು ಎಂಬ ಭೇದವನ್ನು ಕಲಿಸುವುದಕ್ಕೆ ಹಣ ಕಳುಹಿಸುವುದನ್ನು ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಹೆಬ್ಬೆಟ್ಟಿನ ವಿಧಾನಕ್ಕೆ ಫೋನೂ ಬೇಡ, ಕಾರ್ಡೂ ಬೇಡ, ಪಿನ್ನೂ ಬೇಡ. ಬ್ಯಾಂಕಿನ ಪರವಾಗಿ ಊರಿನಲ್ಲಿ ಕೆಲಸ ಮಾಡುವ ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ ಹೇಳಿ ಬೆರಳಿಟ್ಟರೆ ನಗದು ಕೈಗೆ ಬರುತ್ತದೆ. ಆದರೆ ಕಳೆ ಕಿತ್ತು ಸವೆದ ಬೆರಳುಗಳನ್ನು ಯಂತ್ರ ಒಮ್ಮೆಗೇ ಗುರುತಿಸಲಿಲ್ಲ. ಪ್ರತಿ ಪ್ರಯತ್ನದ ಫಲವೂ ಇನ್ನೊಬ್ಬರ ಪರದೆಯ ಮೇಲೆಯೇ ಮೂಡುವುದರಿಂದ ಹಣ ನಿಜಕ್ಕೂ ಎಷ್ಟು ಸಲ ಕಡಿತವಾಯಿತೆಂಬುದು ರಸೀದಿ ಕೇಳಿ ಪಡೆಯದ ಹೊರತು ತಿಳಿಯದು.

ಆದ್ದರಿಂದ ಪಾವತಿಗೆ 123ಪೇ, ನಗದಿಗೆ ಹೆಬ್ಬೆಟ್ಟು ಎಂದು ನಾವು ನಿರ್ಧರಿಸಿದೆವು. ಆದರೆ ಮೊದಲ ಸಲ ಯುಪಿಐ ಪಿನ್ ಹೊಂದಿಸಲು ನಮಗೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳೂ ಅದರ ಅವಧಿ ಮುಗಿಯುವ ತಿಂಗಳು-ವರ್ಷವೂ ಬೇಕಾದವು. ನಮ್ಮ ಓಣಿಯ ಹೆಂಗಸರಲ್ಲಿ ಹಲವರ ಕಾರ್ಡು ಇಂದಿಗೂ ಗಂಡನ ಅಥವಾ ಮಗನ ಜೇಬಿನಲ್ಲಿರುವುದರಿಂದ ಅವರ ಪಾಲಿಗೆ ಕಲಿಕೆ ಆರಂಭವಾಗಬೇಕಾದದ್ದು ಅದನ್ನು ಕೇಳಿ ಹಿಂಪಡೆಯುವುದರಿಂದ.