ಜಾಮ್ ಆದ ಇಗ್ನಿಷನ್ ಲಾಕ್: ಸ್ಪ್ರೇ ಸಾಕೇ, ಕೀ ಬದಲಿಸಬೇಕೇ, ಬಿಚ್ಚಿ ತೊಳೆಯಬೇಕೇ, ಹೊಸ ಸೆಟ್ಟೇ ಬೇಕೇ?

ಮಾರುತಿ 800, ಓಮ್ನಿ, ಹಳೆಯ ಜೆನ್‌ಗಳಲ್ಲಿ ಕೀ ತಿರುಗದೆ ನಿಂತಾಗ ಸಿಗುವ ಸಲಹೆ ಎರಡೇ. ಒಂದು, ‘ಸ್ವಲ್ಪ ಎಣ್ಣೆ ಬಿಡಿ’. ಇನ್ನೊಂದು, ‘ಸೆಟ್ಟೇ ಚೇಂಜ್ ಮಾಡಿಬಿಡಿ’. ಇವೆರಡರ ನಡುವೆ ಇನ್ನೆರಡು ದಾರಿಗಳಿವೆ, ಹಳೆಯ ಗಾಡಿಗಳ ಕೆಲಸ ಹೆಚ್ಚಾಗಿ ಅಲ್ಲೇ ಮುಗಿಯುತ್ತದೆ. ನಾಲ್ಕನ್ನೂ ಮಾಡಿ ನೋಡಿದ್ದರ ಹೋಲಿಕೆ ಇದು. ಆದರೆ ಏನು ಸಿಕ್ಕಿಕೊಂಡಿದೆ ಅಂತ ಗೊತ್ತಾಗದೆ ಯಾವುದಕ್ಕೂ ಕೈ ಹಾಕಬಾರದು.

ಮೊದಲು ಸ್ಟೀರಿಂಗ್. ಕೀ ತೆಗೆದು ಸ್ಟೀರಿಂಗ್ ಅಲ್ಲಾಡಿಸಿದಾಗ ಲಾಕ್‌ನ ನಾಲಗೆ ಸ್ಟೀರಿಂಗ್ ಶಾಫ್ಟಿನ ಕಚ್ಚಿಗೆ ಇಳಿದು ಕೂರುತ್ತದೆ. ಚಕ್ರ ಫುಟ್‌ಪಾತ್ ಅಂಚಿಗೆ ಒತ್ತಿಕೊಂಡು ನಿಂತಿದ್ದರೆ ಆ ಒತ್ತಡವೆಲ್ಲ ನಾಲಗೆಯ ಮೇಲೆ ಬೀಳುತ್ತದೆ, ಕೀ ಕದಲುವುದಿಲ್ಲ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಒತ್ತಿ ನೋಡಿ: ಒಂದು ಕಡೆ ಕಲ್ಲಿನಂತೆ ನಿಲ್ಲುತ್ತದೆ, ಇನ್ನೊಂದು ಕಡೆ ತುಸು ಆಟ ಇರುತ್ತದೆ. ಕೀ ಮೇಲೆ ಹಗುರವಾಗಿ ಬೆರಳ ಬಲ ಇಟ್ಟುಕೊಂಡು, ಆಟ ಇರುವ ಕಡೆಗೆ ಸ್ಟೀರಿಂಗನ್ನು ನಿಧಾನ ಸರಿಸಿ. ನಡುವೆ ಎಲ್ಲೋ ಒಂದು ಕಡೆ ನಾಲಗೆ ಸಡಿಲವಾಗಿ ಕೀ ತಿರುಗಿತು ಎಂದರೆ ಲಾಕ್ ಚೆನ್ನಾಗಿದೆ, ಖರ್ಚೇನೂ ಇಲ್ಲ. ಕೀಗೆ ಕಟಿಂಗ್ ಪ್ಲೈಯರ್ ಹಾಕಿ ತಿರುಗಿಸುವವರು ಮುರಿದ ಕೀ ತೆಗೆಸುವ ಕೆಲಸವನ್ನೂ ಸೇರಿಸಿಕೊಳ್ಳುತ್ತಾರೆ, ಅಷ್ಟೇ.

ಕೀ ಸಲೀಸಾಗಿ ತಿರುಗುತ್ತದೆ, ಆದರೆ ಡ್ಯಾಶ್‌ಬೋರ್ಡ್ ಲೈಟು ಬರುವುದಿಲ್ಲ, ಅಥವಾ ಲೈಟು ಬಂದರೂ ಸ್ಟಾರ್ಟರ್ ಸದ್ದಿಲ್ಲ. ಇದು ಲಾಕ್‌ನ ಕಾಯಿಲೆಯಲ್ಲ. ಬ್ಯಾಟರಿ, ಫ್ಯೂಸ್, ಲಾಕ್‌ನ ಹಿಂಬದಿಗೆ ಕೂತಿರುವ ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ಇವುಗಳ ಕಡೆ ನೋಡಬೇಕು. ಇದಕ್ಕೆ ಲಾಕ್ ಸೆಟ್ ಬದಲಿಸುವುದು ದಂಡ.

ಇನ್ನು ಕೀಯದೇ ತೊಂದರೆಯೋ ಲಾಕಿನದೋ ಎಂದು ತಿಳಿಯಲು ಎಡಗಡೆ ಬಾಗಿಲಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎಲ್ಲಕ್ಕೂ ಒಂದೇ ಕೀ ಇರುವ ಗಾಡಿಯಲ್ಲಿ ಆ ಬಾಗಿಲಿನ ಲಾಕನ್ನು ಯಾರೂ ಹೆಚ್ಚು ಬಳಸಿರುವುದಿಲ್ಲ, ಹಾಗಾಗಿ ಅದರೊಳಗಿನ ಪ್ಲೇಟುಗಳು (ಕೀ ಹಲ್ಲಿಗೆ ತಕ್ಕಂತೆ ಏರಿಳಿಯುವ ತೆಳು ಹಿತ್ತಾಳೆ ಬಿಲ್ಲೆಗಳು) ಸವೆದಿರುವುದಿಲ್ಲ. ನೀವು ದಿನಾ ಬಳಸುವ ಕೀ ಅಲ್ಲಿ ಸರಾಗ ತಿರುಗಿದರೆ ಕೀ ಸರಿ, ಇಗ್ನಿಷನ್ನಿನ ಪ್ಲೇಟುಗಳೇ ಕೆಟ್ಟಿವೆ. ಅಲ್ಲೂ ತಡವರಿಸಿದರೆ ಕೀಯೇ ಸವೆದಿರುವ ಸಾಧ್ಯತೆ ಹೆಚ್ಚು. ಸ್ಪೇರ್ ಕೀ ಇದ್ದರೆ ಅದನ್ನೂ ಹಾಕಿ ಖಾತ್ರಿ ಮಾಡಿಕೊಳ್ಳಿ. ಕೀಯನ್ನು ಪೂರ್ತಿ ಒಳಗೆ ತಳ್ಳಿ, ಒಂದು ಮಿಲಿಮೀಟರಿನಷ್ಟು ಹಿಂದಕ್ಕೆ ಎಳೆದಾಗ ಮಾತ್ರ ತಿರುಗುತ್ತದೆ ಎಂದರೆ ಸವೆತ ಖಂಡಿತ. ಕೀ ಪೂರ್ತಿ ಒಳಗೇ ಹೋಗುತ್ತಿಲ್ಲವೆಂದರೆ ಧೂಳೋ ಮುರಿದ ತುಂಡೋ ಇದೆ.

ಈಗ ಸ್ಪ್ರೇಗಳು. ಡಬ್ಲ್ಯೂಡಿ-40 ತಕ್ಷಣದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮುಂದು. ಒಣಗಿ ಅಂಟಾದ ಹಳೆಯ ಗ್ರೀಸನ್ನು ಅದು ಕರಗಿಸುತ್ತದೆ. ಆದರೆ ಒಳಗೆ ಉಳಿಯುವ ಎಣ್ಣೆಯ ಪಸೆಗೆ ಧೂಳು ಮತ್ತೆ ಹತ್ತುತ್ತದೆ, ಅದೇ ತೊಂದರೆ ಮರಳಿ ಬರುತ್ತದೆ. ಆದ್ದರಿಂದ ಅದನ್ನು ತೊಳೆಯಲು ಮಾತ್ರ ಬಳಸಿ: ನಳಿಕೆ ಒಳಗಿಟ್ಟು ಒಂದೆರಡು ಸೆಕೆಂಡು ಹೊಡೆದು, ಹದಿನೈದಿಪ್ಪತ್ತು ಸಲ ಕೀ ಹಾಕಿ ತೆಗೆದು, ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿ. ಕೀಗೆ ಕಪ್ಪು ಹತ್ತುವುದು ನಿಂತ ಮೇಲೆ ಒಣಗಲು ಬಿಟ್ಟು, ಪಿಟಿಎಫ್‌ಇ (ಟೆಫ್ಲಾನ್) ಡ್ರೈ ಸ್ಪ್ರೇ ಒಂದು ಸಲ ಹೊಡೆಯಿರಿ. ನನ್ನ ಲೆಕ್ಕದಲ್ಲಿ ಹೆಚ್ಚು ಬಾಳಿಕೆ ಈ ಜೋಡಿಯದೇ. ಗ್ರಾಫೈಟ್ ಪುಡಿಯೂ ಒಳ್ಳೆಯದೇ, 6ಬಿ ಪೆನ್ಸಿಲನ್ನು ಕೀ ಹಲ್ಲಿಗೆ ತಿಕ್ಕಿದರೂ ನಡೆಯುತ್ತದೆ. ಆದರೆ ಎಣ್ಣೆ ಬಿಟ್ಟ ಲಾಕಿಗೆ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕೆಸರಾಗುತ್ತದೆ. ಗ್ರಾಫೈಟ್ ವಿದ್ಯುತ್ ಹರಿಸುವ ವಸ್ತು ಬೇರೆ, ಚಮಚಗಟ್ಟಲೆ ಊದಿದರೆ ಹಿಂದಿನ ಸ್ವಿಚ್‌ಗೆ ಹೋದೀತು. ಕೊಬ್ಬರಿ ಎಣ್ಣೆಯ ಮಾತೇ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಲಾಕಿನೊಳಗೆ ಮೇಣ ತುಂಬಿದ ಹಾಗೆ.

ಸವೆದದ್ದು ಕೀ ಎಂದಾದರೆ ಸ್ಪ್ರೇ ಎಷ್ಟು ಹೊಡೆದರೂ ವ್ಯರ್ಥ. ಇಲ್ಲಿ ಎಲ್ಲರೂ ಬೀಳುವ ಹಳ್ಳವೆಂದರೆ ಸವೆದ ಕೀಯಿಂದಲೇ ಡೂಪ್ಲಿಕೇಟ್ ಮಾಡಿಸುವುದು. ಮಷಿನ್ನು ಸವೆತವನ್ನೂ ಹಾಗೇ ನಕಲು ಮಾಡುತ್ತದೆ. ಬಳಸದ ಸ್ಪೇರ್ ಕೀಯಿಂದ ಮಾಡಿಸಿ, ಅಥವಾ ಕೀ ನಂಬರ್ ಇರುವ ಬಿಲ್ಲೆ ಉಳಿದಿದ್ದರೆ ಆ ಕೋಡಿನಿಂದ ಕಟ್ ಮಾಡಿಸಿ. ಎರಡೂ ಇಲ್ಲದಿದ್ದರೆ ಒಳ್ಳೆಯ ಕೀ ಮೇಕರ್ ಎಡ ಬಾಗಿಲಿನ ಲಾಕ್ ಬಿಚ್ಚಿ ಅದರ ಪ್ಲೇಟುಗಳನ್ನು ನೋಡಿ ಮೂಲ ಅಳತೆಗೆ ಕೀ ಮಾಡಿಕೊಡುತ್ತಾನೆ. ಕೀಯಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರ್ ಚಿಪ್ ಇರುವ ಗಾಡಿಯಾದರೆ ಹೊಸ ಕೀಗೆ ಕೋಡಿಂಗ್ ಕೂಡ ಆಗಬೇಕು, ಇಲ್ಲವಾದರೆ ಲಾಕ್ ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ.

ಬಿಚ್ಚಿ ತೊಳೆಯುವುದಕ್ಕೆ ನನ್ನ ಓಟು. ಆದರೆ ಲಾಕ್ ಆಗೊಮ್ಮೆ ಈಗೊಮ್ಮೆಯಾದರೂ ತಿರುಗುತ್ತಿರುವಾಗಲೇ ಮಾಡಬೇಕು. ಬ್ಯಾರೆಲ್ (ಕೀ ಹೋಗಿ ಕೂರುವ ಉರುಳೆ) ಬೇರೆಯಾಗಿ ಹೊರಬರುವ ಲಾಕ್‌ಗಳಲ್ಲಿ ಸಾಮಾನ್ಯವಾಗಿ ಕೀ ಎಸಿಸಿ ಜಾಗಕ್ಕೆ (ಎಂಜಿನ್ ಇಲ್ಲದೆ ರೇಡಿಯೊದಂಥವು ನಡೆಯುವ ಹಂತ) ಬಂದರೆ ಮಾತ್ರ ಹಿಡಿದಿಡುವ ಪಿನ್ ಒಳಗೆ ಒತ್ತಲು ಬರುತ್ತದೆ. ಮೊದಲು 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬ್ಯಾರೆಲ್ ಹೊರಬಂದ ಮೇಲೆ ಕೀ ಅದರಲ್ಲೇ ಇರಲಿ. ಎಳೆದರೆ ಪ್ಲೇಟು, ಸ್ಪ್ರಿಂಗುಗಳು ಹಾರಿ ಹೋಗಬಹುದು. ಕೀ ಇರುವಾಗ ಬ್ಯಾರೆಲ್ ಮೈಮೇಲೆ ಬೆರಳಾಡಿಸಿ. ಎಲ್ಲ ಹಿತ್ತಾಳೆ ಪ್ಲೇಟುಗಳೂ ಮೈಗೆ ಸಮನಾಗಿರಬೇಕು. ಯಾವುದು ಉಗುರಿಗೆ ತಾಗುತ್ತದೋ ಅದೇ ಕಳ್ಳ. ಬಿಳಿ ಬಟ್ಟೆ ಹಾಸಿ, ಫೋಟೊ ತೆಗೆದುಕೊಂಡು, ಪ್ಲೇಟುಗಳನ್ನು ಇದ್ದ ಕ್ರಮದಲ್ಲೇ ಸಾಲಾಗಿ ಇಟ್ಟು ತೊಳೆಯಿರಿ. ಕೊಳೆ ಹೋದ ಮೇಲೂ ಎದ್ದೇ ಇರುವ ಪ್ಲೇಟನ್ನು ಸಣ್ಣ ಅರದಿಂದ ಒಂದೆರಡು ಸಲ ಉಜ್ಜಿ ಸಮ ಮಾಡಬಹುದು. ರಸ್ತೆಬದಿಯಲ್ಲಿ ಸಿಕ್ಕಿಕೊಳ್ಳುವ ಪ್ಲೇಟುಗಳನ್ನು ಕಿತ್ತೇ ಎಸೆಯುವ ರೂಢಿ ಇದೆ. ಒಂದು ತೆಗೆದರೆ ನಡೆದೀತು. ಮೂರ್ನಾಲ್ಕು ತೆಗೆದರೆ ಕಂಡವರ ಕೀಗೂ ನಿಮ್ಮ ಗಾಡಿ ಸ್ಟಾರ್ಟ್ ಆಗುತ್ತದೆ.

ಹೊಸ ಸೆಟ್ಟಿನಲ್ಲಿ ಇಗ್ನಿಷನ್, ಬಾಗಿಲು, ಡಿಕ್ಕಿ ಎಲ್ಲಕ್ಕೂ ಒಂದೇ ಕೀ ಸಿಗುತ್ತದೆ, ಅದೇ ದೊಡ್ಡ ಅನುಕೂಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಮಾಡೆಲ್‌ಗಳ ಸೆಟ್ ಹುಡುಕಬಹುದು. ನಾಲಗೆ ಬಾಗಿದ್ದರೆ, ಲಾಕಿನ ಕವಚ ಸೀಳಿದ್ದರೆ ಬೇರೆ ದಾರಿಯೇ ಇಲ್ಲ. ಶ್ರಮವೆಲ್ಲ ಹಳೆಯ ಲಾಕನ್ನು ಇಳಿಸುವುದರಲ್ಲಿದೆ: ಅದನ್ನು ಸ್ಟೀರಿಂಗ್ ಕಾಲಮ್‌ಗೆ ಹಿಡಿದಿರುವ ಬೋಲ್ಟ್‌ಗಳಿಗೆ ತಲೆ ಇರುವುದಿಲ್ಲ, ಕಳ್ಳರಿಗೆ ಬಿಚ್ಚಲಾಗದಿರಲೆಂದು ಫ್ಯಾಕ್ಟರಿಯಲ್ಲೇ ಮುರಿದಿರುತ್ತಾರೆ. ಉಳಿಯಿಂದ ಅಂಚಿಗೆ ಗುರುತು ಕೊಟ್ಟು ಎಡಕ್ಕೆ ತಿರುಗುವಂತೆ ತಟ್ಟಿದರೆ ಕೆಲವು ಬರುತ್ತವೆ. ಬಾರದವಕ್ಕೆ ಪಂಚ್ ಹೊಡೆದು, 3 ಮಿ.ಮೀ. ಡ್ರಿಲ್ ಮಾಡಿ, ತಲೆಯಿಲ್ಲದ ಬೋಲ್ಟನ್ನು ಒಳಗಿನಿಂದ ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಹಾಕಬೇಕು.

ಲಾಕ್ ಬಿಟ್ಟು ಪುಶ್ ಬಟನ್ ಹಾಕಿಕೊಡುವವರೂ ಇದ್ದಾರೆ. ಅದನ್ನು ನಾನು ಹೋಲಿಕೆಗೇ ಸೇರಿಸುವುದಿಲ್ಲ. ಎಂಜಿನ್ ಸ್ಟಾರ್ಟ್ ಆದರೂ ಕೆಟ್ಟ ಲಾಕ್ ಅಲ್ಲೇ ಉಳಿಯುತ್ತದೆ, ನಾಲಗೆ ತಿರುವಿನಲ್ಲಿ ಇಳಿದರೆ ಸ್ಟೀರಿಂಗ್ ಕೈಕೊಡುತ್ತದೆ.

ಹೊಸ ಲಾಕ್ ಕೂರಿಸುವಾಗ ಬೋಲ್ಟ್ ತಲೆಗಳನ್ನು ಆಗಲೇ ಮುರಿಯಬೇಡಿ. ಹಗುರ ಬಿಗಿಮಾಡಿ ಲಾಕ್, ಎಸಿಸಿ, ಆನ್, ಸ್ಟಾರ್ಟ್ ನಾಲ್ಕೂ ಜಾಗಕ್ಕೆ ಕೀ ತಿರುಗಿಸಿ. ಸ್ಟಾರ್ಟ್‌ನಿಂದ ಬಿಟ್ಟ ಕೂಡಲೇ ಕೀ ತಾನಾಗಿ ಆನ್‌ಗೆ ಮರಳಬೇಕು. ಎಸಿಸಿಯಲ್ಲಿ ಸ್ಟೀರಿಂಗ್ ಎರಡೂ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು, ಕೀ ಹೊರತೆಗೆದ ಮೇಲಷ್ಟೇ ಲಾಕ್ ಆಗಬೇಕು. ಇಷ್ಟೂ ಸರಿ ಬಂದ ಮೇಲೆ ತಲೆಗಳು ಮುರಿಯುವವರೆಗೆ ಬಿಗಿಮಾಡಿ.